ರಾತ್ರಿ ಎರಡು ಗಂಟೆಗೆ ಬೂದು ಹಡಗು ನಮ್ಮ ಬೋಟಿಗೆ ಸುತ್ತು ಬಂದದ್ದೇಕೆ?

ಮಲ್ಪೆಯ ಓದುಗರೊಬ್ಬರ ಪ್ರಶ್ನೆ:

"ನಮ್ಮದು ಆಳಸಮುದ್ರ ಟ್ರಾಲ್ ಬೋಟ್. ಬೋಟ್ ನಡೆಸುವ ತಾಂಡೇಲ ನನ್ನ ತಮ್ಮನೇ. ಕಳೆದ ಸೀಸನ್‌ನಲ್ಲಿ ಕಾರವಾರದ ಹೊರಗೆ ಬಲೆ ಎಳೆಯುತ್ತಿದ್ದಾಗ ರಾತ್ರಿ ಎರಡು ಗಂಟೆ ಹೊತ್ತಿಗೆ ಬೂದು ಬಣ್ಣದ ಸಣ್ಣ ಯುದ್ಧನೌಕೆಯೊಂದು ಭಾರೀ ಸ್ಪೀಡಲ್ಲಿ ಬಂತಂತೆ. ಸರ್ಚ್‌ಲೈಟ್ ಹಾಕಿ, ಬೋಟಿಗೆ ಒಂದು ಸುತ್ತು ಬಂದು, ವೈರ್‌ಲೆಸ್‌ನಲ್ಲಿ ಹೆಸರು, ನಂಬರ್ ಕೇಳಿ ಹೋಯಿತಂತೆ. ಪಕ್ಕದಲ್ಲಿ ಇಂಗ್ಲಿಷಿನ 'ಟಿ' ಅಕ್ಷರ ಮತ್ತು ಎರಡು ಅಂಕಿ ಇತ್ತು, ಮುಂದೆ ಒಂದೇ ಒಂದು ಸಣ್ಣ ಗನ್ ಇತ್ತು ಎನ್ನುತ್ತಾನೆ. ಬೋಟಿನಲ್ಲಿ ದುಡಿಯುವ ಕಲಾಸಿಗಳು ಹೆದರಿದ್ದಾರೆ. ಬಂದರಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಒಂದು ಗನ್ ಇಟ್ಟುಕೊಂಡು ಇವರು ಯಾರನ್ನು ಕಾಯ್ತಾರೆ ಅಂತ ಕೆಲವರು. ಇದಕ್ಕೆ ಪ್ರೊಪೆಲ್ಲರ್ ಇಲ್ಲ, ಬಲೆಯ ಮೇಲೆ ಹೋದರೂ ಏನೂ ಆಗಲ್ಲ ಅಂತ ಕೆಲವರು. ಅವರ ರಾಡಾರ್‌ಗೆ ಎಲ್ಲ ಕಾಣುತ್ತದೆ, ನಮ್ಮ ಲೈಟ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಅಂತ ಇನ್ನು ಕೆಲವರು. ಸುವರ್ಣ ತ್ರಿಭುಜ ಬೋಟು ಕಾಣೆಯಾಗಿ, ಯುದ್ಧನೌಕೆ ಗುದ್ದಿತು ಎಂಬ ಮಾತು ಎದ್ದ ನಂತರ ನಮ್ಮ ಮನೆಯ ಹೆಂಗಸರಿಗೆ ಯುದ್ಧನೌಕೆ ಎಂದರೆ ಭಯ. ಈ ಹಡಗು ಯಾವುದು? ಹತ್ತಿರ ಬಂದರೆ ನಾವೇನು ಮಾಡಬೇಕು? ಎಐಎಸ್ (ಬೋಟಿನ ಗುರುತು, ಜಾಗವನ್ನು ಸುತ್ತಲಿನವರಿಗೆ ಪ್ರಸಾರ ಮಾಡುವ ಯಂತ್ರ) ಹಾಕಿಟ್ಟರೆ ಮೀನು ಇರುವ ಜಾಗ ಬೇರೆ ಬೋಟಿನವರಿಗೆ ಗೊತ್ತಾಗುತ್ತದೆ ಎಂದು ತಮ್ಮ ಆಫ್ ಮಾಡುತ್ತಾನೆ. ಅದು ಸರಿಯಾ?"

ಉತ್ತರ:

ನಿಮ್ಮ ಪ್ರಶ್ನೆಯಲ್ಲಿ ಎರಡು ಭಯ ಇವೆ. ಈ ಹಡಗು ನಮ್ಮನ್ನು ಕಾಯುವಷ್ಟು ಗಟ್ಟಿಯಾ ಎನ್ನುವುದು ಒಂದು. ಇದೇ ನಮಗೆ ಗುದ್ದಿಬಿಟ್ಟರೆ ಎನ್ನುವುದು ಇನ್ನೊಂದು. ನಾನು ನೌಕಾಪಡೆಯ ಎಂಜಿನ್ ರೂಮುಗಳಲ್ಲಿ ದುಡಿದು ನಿವೃತ್ತನಾಗಿ ಈಗ ಸುರತ್ಕಲ್ ಕಡೆ ಇರುವವನು. ಗನ್ನಿಗಿಂತ ಎಂಜಿನ್ ಬಗ್ಗೆ ಜಾಸ್ತಿ ಮಾತಾಡಿದರೆ ಸಹಿಸಿಕೊಳ್ಳಿ.

ನಿಮ್ಮ ತಮ್ಮ ಕೊಟ್ಟ ವಿವರ ನೋಡಿದರೆ ಅದು ಕಾರ್ ನಿಕೋಬಾರ್ ಸರಣಿಯ ಹಡಗು. ಕಡತದಲ್ಲಿ ಇದಕ್ಕೆ ವಾಟರ್‌ಜೆಟ್ ಫಾಸ್ಟ್ ಅಟ್ಯಾಕ್ ಕ್ರಾಫ್ಟ್ ಎನ್ನುತ್ತಾರೆ. ಕೋಲ್ಕತ್ತಾದ ಜಿಆರ್‌ಎಸ್‌ಇ ಕಾರ್ಖಾನೆ ವಿನ್ಯಾಸ ಮಾಡಿ ಕಟ್ಟಿದ್ದು. ಮೊದಲನೆಯದು ಐಎನ್‌ಎಸ್ ಕಾರ್ ನಿಕೋಬಾರ್, 2009ರ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ಸೇವೆಗೆ ಸೇರಿತು. ಆ ಸರಣಿಯಲ್ಲಿ ಹತ್ತು ಹಡಗು ಬಂದವು. ಆಮೇಲೆ ಸ್ವಲ್ಪ ಸುಧಾರಿಸಿದ ನಾಲ್ಕು: ತರ್ಮುಗ್ಲಿ, ತಿಹಾಯು, ತಿಲ್ಲಾಂಚಾಂಗ್, ತರಾಸಾ. ಎಲ್ಲವೂ ದ್ವೀಪಗಳ ಹೆಸರು. ಇವುಗಳಲ್ಲಿ ತಿಲ್ಲಾಂಚಾಂಗ್ 2017ರ ಮಾರ್ಚ್ 9ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿದ್ದು. ಹಾಗಾಗಿ ಕಾರವಾರದ ಹೊರಗೆ ಇಂಥ ಹಡಗು ಕಂಡರೆ ಆಶ್ಚರ್ಯ ಇಲ್ಲ.

ಉದ್ದ ಸುಮಾರು 49 ಮೀಟರ್, ತೂಕ ಮುನ್ನೂರು ಟನ್ನಿಗೆ ಸ್ವಲ್ಪ ಮೇಲೆ. ಮೂರು ಡೀಸೆಲ್ ಎಂಜಿನ್ ಸೇರಿ ಸುಮಾರು 11 ಸಾವಿರ ಎಚ್‌ಪಿ. ನಿಮ್ಮ ಬೋಟಿನದು ಎಷ್ಟು ಎಂದು ನಿಮಗೇ ಗೊತ್ತು! ಪೂರ್ತಿ ಎಳೆದರೆ 35 ನಾಟ್ ಆಸುಪಾಸು, ಅಂದರೆ ಗಂಟೆಗೆ ಸುಮಾರು 65 ಕಿಲೋಮೀಟರ್ ಓಡುತ್ತದೆ. ಮುಂದೆ ಇರುವುದು 30 ಎಂಎಂ ಗನ್. ಸೈನಿಕರನ್ನು ಹೊತ್ತೊಯ್ಯುವ ಸೇನೆಯ ಬಿಎಂಪಿ ಎಂಬ ಉಕ್ಕಿನ ಗಾಡಿಯ ಮೇಲಿರುವ ಗನ್ನನ್ನೇ ಹಡಗಿಗೆ ಹೊಂದಿಸಿ ಮಾಡಿದ್ದು. ಅದರ ಜೊತೆ ಮೆಷಿನ್ ಗನ್ನುಗಳಿವೆ, ಹೆಗಲ ಮೇಲಿಟ್ಟು ವಿಮಾನದ ಮೇಲೆ ಹಾರಿಸುವ ಇಗ್ಲಾ ಎಂಬ ಸಣ್ಣ ಮಿಸೈಲ್ ಇದೆ. ಹಡಗನ್ನು ಹೊಡೆಯುವ ಮಿಸೈಲ್ ಮಾತ್ರ ಇಲ್ಲ.

ಇಲ್ಲೇ ಬಂದರಿನ ಮೊದಲ ಮಾತು ಹುಟ್ಟುವುದು. ಮಿಸೈಲ್ ಇಲ್ಲ, ಒಂದು ಗನ್, ಇದೇನು ಯುದ್ಧನೌಕೆ ಅಂತ. ನಮ್ಮ ಕಡೆಯ ಜನರ ತಲೆಯಲ್ಲಿ ಸಣ್ಣ ಯುದ್ಧನೌಕೆ ಎಂದರೆ ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಐಎನ್‌ಎಸ್ ಚಪಲ್. ಮಕ್ಕಳನ್ನು ಕರೆದುಕೊಂಡು ಹೋದವರು ಅದರ ದಪ್ಪ ಮಿಸೈಲ್ ಪೆಟ್ಟಿಗೆಗಳನ್ನು ನೋಡಿಯೇ ಇರುತ್ತಾರೆ. 1971ರಲ್ಲಿ ಕರಾಚಿಗೆ ಬೆಂಕಿ ಹಚ್ಚಿದ್ದು ಇದೇ ಹಡಗು ಎಂದು ಅಲ್ಲೇ ನಿಂತು ಹೇಳುವವರನ್ನೂ ಕೇಳಿದ್ದೇನೆ. ಅದು ತಪ್ಪು. ಚಪಲ್ ಸೇವೆಗೆ ಸೇರಿದ್ದೇ 1976ರಲ್ಲಿ. ಡಿಸೆಂಬರ್ 4ರ ರಾತ್ರಿ ಕರಾಚಿಗೆ ನುಗ್ಗಿದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಅದರ ಅಣ್ಣಂದಿರು.

ಆ ಮಿಸೈಲ್ ದೋಣಿಗಳ ಕೆಲಸ ಬೇರೆ. ದೊಡ್ಡ ಹಡಗನ್ನು ದೂರದಿಂದ ಮುಳುಗಿಸಿ ವಾಪಸ್ ಓಡಿಬರುವುದು. ಈಗಿನ ಗನ್‌ಬೋಟಿನ ಕೆಲಸ ಮುಳುಗಿಸುವುದಲ್ಲ, ಹಿಡಿದು ನಿಲ್ಲಿಸಿ ಯಾರು ಎಂದು ಕೇಳುವುದು. ಯಾಕೆ ಹೀಗಾಯಿತು ಎನ್ನುವುದಕ್ಕೆ ಎರಡು ಘಟನೆ ಹೇಳುತ್ತೇನೆ. ಎರಡರಲ್ಲೂ ಇದೇ ಸರಣಿಯ ಹಡಗುಗಳಿವೆ, ಎರಡರಲ್ಲೂ ಎದುರಿಗೆ ಇದ್ದದ್ದು ಮೀನುಗಾರಿಕೆ ಬೋಟ್.

2011ರ ಜನವರಿ ಕೊನೆಯಲ್ಲಿ ಲಕ್ಷದ್ವೀಪದ ಆಚೆ ಒಂದು ಕಂಟೇನರ್ ಹಡಗಿನ ಮೇಲೆ ಸೊಮಾಲಿ ಕಡಲ್ಗಳ್ಳರು ದಾಳಿಗೆ ಬಂದರು. ಸಣ್ಣ ದೋಣಿಯಲ್ಲಿ ಬಂದು, ಆಗದಿದ್ದಾಗ ಒಂದು ದೊಡ್ಡ ಬೋಟಿಗೆ ವಾಪಸ್ ಓಡಿದರು. ಆ ದೊಡ್ಡ ಬೋಟ್ ಪ್ರಾಂತಲೇ-14. ಅದು ಥಾಯ್ಲೆಂಡಿನ ಮೀನುಗಾರರದ್ದು. ಹಿಂದಿನ ವರ್ಷವೇ ಅಪಹರಿಸಿ, ತಿಂಗಳುಗಟ್ಟಲೆ ಅದನ್ನೇ ಕಳ್ಳರು ತಾಯಿಹಡಗು ಮಾಡಿಕೊಂಡಿದ್ದರು. ಐಎನ್‌ಎಸ್ ಕಾಂಕರ್ಸೋ ಅದನ್ನು ತಡೆಯಿತು. ಮೊದಲು ರೇಡಿಯೋದಲ್ಲಿ ಕರೆದರು. ಆಮೇಲೆ ಮುಂದಕ್ಕೆ ಎಚ್ಚರಿಕೆಯ ಗುಂಡು. ಕಳ್ಳರು ತಿರುಗಿ ಗುಂಡು ಹೊಡೆದಾಗ ಇವರೂ ಹೊಡೆದರು. ಡೆಕ್ ಮೇಲಿದ್ದ ಇಂಧನದ ಡ್ರಮ್ಮುಗಳಿಗೆ ಬೆಂಕಿ ಹತ್ತಿ ಬೋಟ್ ಮುಳುಗಿತು. 15 ಕಳ್ಳರು ಸಿಕ್ಕಿಬಿದ್ದರು. ಒತ್ತೆಯಾಗಿದ್ದ 20 ಮೀನುಗಾರರು ಜೀವಂತ ಹೊರಬಂದರು.

ಮಾರ್ಚಿನಲ್ಲಿ ಇನ್ನೊಂದು. ಮೊಜಾಂಬಿಕ್‌ನ ಮೀನುಗಾರಿಕೆ ಹಡಗು ವೆಗಾ-5. ಅದನ್ನು ತಡೆದದ್ದು ಐಎನ್‌ಎಸ್ ಕಲ್ಪೇನಿ. ಅದರಲ್ಲಿದ್ದ ಕಳ್ಳರು 61 ಜನ! ಒತ್ತೆಯಾಳುಗಳು 13.

ಈಗ ಯೋಚಿಸಿ. ಆ ಎರಡು ಕಡೆ ಮಿಸೈಲ್ ಇದ್ದಿದ್ದರೆ ಏನು ಮಾಡಬಹುದಿತ್ತು? ಹೊಡೆದರೆ ಒತ್ತೆಯಾಳುಗಳೂ ಹೋಗುತ್ತಾರೆ. ಹೊಡೆಯದಿದ್ದರೆ ಅದು ಸುಮ್ನೆ ಭಾರ. ಮೊದಲು ಮುಂದಕ್ಕೆ, ಆಮೇಲೆ ಪಕ್ಕಕ್ಕೆ, ಕೊನೆಗೆ ಎಂಜಿನ್ ಇರುವ ಕಡೆಗೆ ಎಂದು ಅಳೆದು ಹೊಡೆಯಲು ಆಗುವುದು ಗನ್ನಿನಿಂದ ಮಾತ್ರ. ಪಣಂಬೂರಿನ ಹೊಸ ಮಂಗಳೂರು ಬಂದರಿನಲ್ಲಿ ನಿಲ್ಲುವಂತೆ ಬಂದ ಕೋಸ್ಟ್‌ಗಾರ್ಡ್‌ನ ವರಾಹ ಹಡಗನ್ನೇ ನೋಡಿ. 98 ಮೀಟರ್ ಉದ್ದ, 2,100 ಟನ್. ಅದರ ಮುಖ್ಯ ಗನ್ ಕೂಡ 30 ಎಂಎಂ.

2008ರ ನವೆಂಬರಿನಲ್ಲಿ ಮುಂಬಯಿಗೆ ಬಂದವರು ಬಳಸಿದ್ದೂ ಕುಬೇರ್ ಎಂಬ ಗುಜರಾತಿನ ಮೀನುಗಾರಿಕೆ ಬೋಟನ್ನೇ. ಅದರ ನಂತರ, 2009ರಲ್ಲಿ, ಕರಾವಳಿ ಭದ್ರತೆಯ ಒಟ್ಟು ಹೊಣೆಯನ್ನು ನೌಕಾಪಡೆಗೆ ಕೊಟ್ಟರು. ನೌಕಾಪಡೆಯವರು ರಾತ್ರಿ ಎರಡು ಗಂಟೆಗೆ ಟ್ರಾಲ್ ಬೋಟಿಗೆ ಸುತ್ತು ಹಾಕುವುದರ ಮೂಲ ಇಲ್ಲಿದೆ. ಅವರಿಗೆ ನಿಮ್ಮ ತಮ್ಮನ ಮೇಲೆ ಅನುಮಾನ ಅಂತಲ್ಲ. ಅವರು ಹುಡುಕುತ್ತಿರುವ ಬೋಟ್ ನೋಡಲು ನಿಮ್ಮ ಬೋಟಿನ ಹಾಗೆಯೇ ಇರುತ್ತದೆ. ಕತ್ತಲಲ್ಲಿ ಎರಡನ್ನೂ ಬೇರೆ ಮಾಡಬೇಕು. ನಿಮ್ಮ ಉಳಿದೆಲ್ಲ ಪ್ರಶ್ನೆಗಳಿಗೆ ಉತ್ತರ ಇದೇ ಒಂದು ವಿಷಯಕ್ಕೆ ಬಂದು ಸೇರುತ್ತದೆ.

ಈಗ ವಾಟರ್‌ಜೆಟ್. ಪ್ರೊಪೆಲ್ಲರ್ ಇಲ್ಲ ಎನ್ನುವುದು ಹೊರಗಿನಿಂದ ನೋಡಿದರೆ ನಿಜ. ಹಡಗಿನ ತಳದಲ್ಲಿ ಒಂದು ಬಾಯಿ ಇರುತ್ತದೆ, ಅದಕ್ಕೆ ಸರಳಿನ ಜಾಲರಿ. ಒಳಗೆ ಕೊಳವೆಯಲ್ಲಿ ತಿರುಗುವ ಇಂಪೆಲ್ಲರ್ ನೀರನ್ನು ಎಳೆದು ಹಿಂದಿನ ಮೂತಿಯಿಂದ ಜೋರಾಗಿ ಉಗುಳುತ್ತದೆ. ಚುಕ್ಕಾಣಿಯೂ ಬೇಡ. ಮೂತಿಯನ್ನೇ ಆಚೀಚೆ ತಿರುಗಿಸಿದರೆ ಹಡಗು ತಿರುಗುತ್ತದೆ. ಮೂತಿಯ ಮೇಲೆ ಬಕೆಟ್ ಇಳಿಸಿದರೆ ನೀರು ಮುಂದಕ್ಕೆ ಹೊಡೆದು ಹಡಗು ಗಕ್ಕನೆ ನಿಲ್ಲುತ್ತದೆ. ಇಷ್ಟು ವೇಗದ ಹಡಗಿಗೆ ಅಷ್ಟು ಬೇಗ ನಿಲ್ಲುವ ಶಕ್ತಿ ಇರುವುದು ನಿಮಗೂ ಒಳ್ಳೆಯದು. ತಳದಲ್ಲಿ ಏನೂ ಚಾಚಿಕೊಂಡಿರುವುದಿಲ್ಲ. ಹಾಗಾಗಿ ಆಳ ಕಡಿಮೆ ಇರುವ ಕಡೆಗೂ ನುಗ್ಗಬಹುದು.

ಆದರೆ ಬಲೆಯ ಮೇಲೆ ಹೋದರೂ ಏನೂ ಆಗಲ್ಲ ಎನ್ನುವುದು ಸುಳ್ಳು. ತೋಟದ ಪಂಪಿನ ಫುಟ್‌ವಾಲ್ವಿಗೆ ತರಗೆಲೆ ಕಟ್ಟಿಕೊಂಡರೆ ಏನಾಗುತ್ತದೋ ಇಲ್ಲೂ ಅದೇ. ಹರಿದ ಬಲೆ ಚೂರು, ಪ್ಲಾಸ್ಟಿಕ್, ಜೆಲ್ಲಿಫಿಶ್ ರಾಶಿ ಜಾಲರಿಗೆ ಮೆತ್ತಿಕೊಂಡರೆ ನೀರು ಸಾಲುವುದಿಲ್ಲ. ಎಂಜಿನ್ ಸುತ್ತು ಏರುತ್ತದೆ, ಹಡಗು ಮಾತ್ರ ಓಡುವುದಿಲ್ಲ. ಸಣ್ಣಪುಟ್ಟದ್ದಾದರೆ ಜೆಟ್ಟನ್ನು ಉಲ್ಟಾ ಓಡಿಸಿ ತೊಳೆಯಬಹುದು. ನೈಲಾನ್ ಹಗ್ಗ ಒಳಗೆ ಹೋಗಿ ಶಾಫ್ಟಿಗೆ ಸುತ್ತಿಕೊಂಡರೆ ಹಡಗು ನಿಲ್ಲಿಸಿ ಬಿಡಿಸಬೇಕು. ಮೊದಲ ಮಳೆಗೆ ನದಿಗಳ ಕಸ ಅಳಿವೆ ಬಾಗಿಲಿನಿಂದ ಕಡಲಿಗೆ ಬೀಳುವ ದಿನಗಳಲ್ಲಿ ವಾಟರ್‌ಜೆಟ್ ಎಂಜಿನಿಯರುಗಳಿಗೆ ನಿದ್ದೆ ಇರುವುದಿಲ್ಲ. ಆದ್ದರಿಂದ ಬಲೆ ತಪ್ಪಿಸುವುದು ಅವರಿಗೂ ಬೇಕಾದ ಕೆಲಸವೇ.

ನಿಮ್ಮದು ಟ್ರಾಲ್. ಬಲೆ ಎಳೆಯುವ ವೈರ್ ಬೋಟಿನ ಹಿಂದೆಯೇ ಆಳಕ್ಕೆ ಇಳಿದುಬಿಡುತ್ತದೆ. ಸ್ವಲ್ಪ ದೂರದಲ್ಲಿ ಮೇಲೆ ಹಾದುಹೋದರೆ ತೊಂದರೆ ಕಡಿಮೆ. ನಿಜವಾದ ಕಷ್ಟ ಇರುವುದು ಮೇಲ್ನೀರಿನಲ್ಲಿ ತೇಲುವ ಬೀಡುಬಲೆಯವರಿಗೆ. ಅವರ ಬಲೆ ಉದ್ದಕ್ಕೆ ಹರಡಿರುತ್ತದೆ, ತುದಿಯಲ್ಲಿ ಒಂದು ಮಿಣುಕು ದೀಪ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಜೆಟ್ಟಿಗೆ ಇನ್ನೊಂದು ದೋಷ ಇದೆ. ನಿಧಾನಕ್ಕೆ ಓಡುವಾಗ ಅದು ಪ್ರೊಪೆಲ್ಲರ್‌ಗಿಂತ ಜಾಸ್ತಿ ಡೀಸೆಲ್ ಕುಡಿಯುತ್ತದೆ. ಗಸ್ತಿನ ಬಹುಪಾಲು ಹೊತ್ತು ನಿಧಾನದ ಓಟವೇ ಅಲ್ವಾ? ಹನ್ನೆರಡು ನಾಟ್ ಆಸುಪಾಸಿನಲ್ಲಿ ಓಡಿದರೆ ಈ ಹಡಗು ಸುಮಾರು 2,000 ನಾಟಿಕಲ್ ಮೈಲಿ (3,700 ಕಿಲೋಮೀಟರ್) ಹೋಗಬಲ್ಲದು. 35ಕ್ಕೆ ಎಳೆದರೆ ಟ್ಯಾಂಕ್ ಕಣ್ಣೆದುರಿಗೇ ಇಳಿಯುತ್ತದೆ. ಹಾಗಾಗಿ ಇಂಥ ಹಡಗು ಇಡೀ ರಾತ್ರಿ ಜೋರಾಗಿ ಓಡುವುದಿಲ್ಲ. ನಿಧಾನಕ್ಕೆ ಸುತ್ತುತ್ತಿರುತ್ತದೆ, ಅನುಮಾನ ಬಂದರೆ ಒಮ್ಮೆಲೇ ಹಾರುತ್ತದೆ. ನಿಮ್ಮ ತಮ್ಮ ಕಂಡದ್ದು ಆ ಹಾರುವ ಗಳಿಗೆ.

ಮಳೆಗಾಲದ ಮಾತು ಬೇರೆ. ಮುನ್ನೂರು ಟನ್ನಿನ ಹಡಗು ಜೂನ್, ಜುಲೈನ ಅರಬ್ಬೀ ಕಡಲಿನಲ್ಲಿ ಹೊರಳಾಡುತ್ತದೆ. ಒಳಗಿನವರಿಗೆ ನಿಲ್ಲಲೂ ಕಷ್ಟ, ಗುರಿ ಹಿಡಿಯುವುದಂತೂ ದೂರದ ಮಾತು. ಆಗ ದೊಡ್ಡ ಹಡಗುಗಳೇ ಬೇಕು. ಅದಕ್ಕೇ ಒಂದೇ ಅಳತೆಯ ಹಡಗಿನಿಂದ ಕರಾವಳಿ ಕಾಯಲು ಆಗುವುದಿಲ್ಲ. ದಡದ ಹತ್ತಿರ, ಹನ್ನೆರಡು ನಾಟಿಕಲ್ ಮೈಲಿ ಒಳಗೆ, ಮಲ್ಪೆಯಲ್ಲಿ ಕೇಂದ್ರ ಇರುವ ಕರಾವಳಿ ಕಾವಲು ಪೊಲೀಸರ 5 ಟನ್, 12 ಟನ್ ದೋಣಿಗಳು. ಅದರಾಚೆ ಕೋಸ್ಟ್‌ಗಾರ್ಡ್‌ನ ಬಿಳಿ ಹಡಗುಗಳು. ಎಲ್ಲದರ ಜೊತೆ, ಇನ್ನೂ ದೂರಕ್ಕೂ, ನೌಕಾಪಡೆಯ ಬೂದು ಹಡಗುಗಳು. ಕೋಸ್ಟ್‌ಗಾರ್ಡ್‌ನಲ್ಲೂ ಹೆಚ್ಚುಕಡಿಮೆ ಇದೇ ಉದ್ದದ ರಾಜಶ್ರೀ ಸರಣಿಯ ವಾಟರ್‌ಜೆಟ್ ಹಡಗುಗಳಿವೆ. ಕಟ್ಟಿದ್ದೂ ಅದೇ ಕೋಲ್ಕತ್ತಾದ ಕಾರ್ಖಾನೆ. ರಾತ್ರಿ ನಿಮಗೆ ಎರಡರ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಗೊತ್ತಾಗಬೇಕೆಂದೂ ಇಲ್ಲ, ಇಬ್ಬರಿಗೂ ಕೊಡಬೇಕಾದ ಉತ್ತರ ಒಂದೇ.

ರಾಡಾರ್‌ಗೆ ಬರೋಣ. ಬಂದರಿನ ಮೂರು ಮಾತುಗಳಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ಇದೊಂದೇ.

ರಾಡಾರ್‌ಗೆ ಎಲ್ಲ ಕಾಣುವುದಿಲ್ಲ. ಉಕ್ಕಿನ ಬೋಟ್ ಚೆನ್ನಾಗಿ ಕಾಣುತ್ತದೆ. ಮರದ್ದು, ಫೈಬರ್ ಹೊದೆಸಿದ್ದು ಮಬ್ಬು. ಒಳಗಿರುವ ಎಂಜಿನ್ ಕಬ್ಬಿಣವೇ, ಆದರೆ ಅದು ನೀರಿನ ಮಟ್ಟಕ್ಕಿಂತ ಕೆಳಗೆ ಕೂತಿರುತ್ತದೆ. ಗಾಳಿ ಎದ್ದ ದಿನ ಅಲೆಗಳ ಪ್ರತಿಧ್ವನಿಯೇ ಪರದೆ ತುಂಬಾ ಚುಕ್ಕಿ ಚುಕ್ಕಿ ಆಗುತ್ತದೆ. ಅದರ ನಡುವೆ ಒಂದು ಚುಕ್ಕಿ ಬೋಟು ಎಂದು ಗುರುತಿಸುವುದು ಪರದೆ ಮುಂದೆ ಕೂತ ಹುಡುಗನ ಕಣ್ಣಿನ ಮೇಲೆ ನಿಂತಿದೆ. 35 ನಾಟ್ ಎಂದರೆ ನಿಮಿಷಕ್ಕೆ ಒಂದು ಕಿಲೋಮೀಟರಿಗಿಂತ ಜಾಸ್ತಿ. ಐದು ಕಿಲೋಮೀಟರ್ ದೂರದಲ್ಲಿ ಕಂಡರೆ ಅವನಿಗೆ ಐದು ನಿಮಿಷವೂ ಸಿಗುವುದಿಲ್ಲ. ಒಂದು ಕಿಲೋಮೀಟರಿನಲ್ಲಿ ಕಂಡರೆ ಒಂದು ನಿಮಿಷವೂ ಇಲ್ಲ.

ಸುವರ್ಣ ತ್ರಿಭುಜದ ನೋವು ನಮ್ಮ ಕರಾವಳಿಯಲ್ಲಿ ಇನ್ನೂ ಆರಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಬೋಟು, ಏಳು ಜನ. ಮರುವರ್ಷ ಮೇ ತಿಂಗಳಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಮಾಲ್ವಣದ ಹೊರಗೆ ಕಡಲ ತಳದಲ್ಲಿ ಅದರ ಅವಶೇಷ ಕಂಡಿತು. ನಿಮ್ಮ ಮನೆಯ ಹೆಂಗಸರ ಭಯಕ್ಕೆ ಅರ್ಥ ಇದೆ. ಅದನ್ನು ಮಾತಿನಲ್ಲಿ ಹೋಗಲಾಡಿಸಲು ನಾನು ಹೋಗುವುದಿಲ್ಲ. ಬೋಟ್ ಕಾಣುವಂತೆ ಮಾಡುವುದು ಹೇಗೆ ಎನ್ನುವುದನ್ನು ಮಾತ್ರ ಹೇಳಬಲ್ಲೆ.

ನಿಯಮದ ಪ್ರಕಾರ ಬಲೆ ಎಳೆಯುತ್ತಿರುವ ಬೋಟಿಗೆ ದಾರಿ ಬಿಡಬೇಕಾದವರು ಅವರೇ. ಎಂಜಿನ್‌ನಲ್ಲಿ ಓಡುವ ಮಾಮೂಲಿ ಹಡಗಿಗೆ, ಅದು ಯುದ್ಧನೌಕೆಯಾದರೂ, ಇದರಿಂದ ವಿನಾಯಿತಿ ಇಲ್ಲ. ಆದರೆ ನೀವು ಬಲೆ ಎಳೆಯುತ್ತಿದ್ದೀರಿ ಎಂದು ಅವರಿಗೆ ಗೊತ್ತಾಗುವುದು ನಿಮ್ಮ ದೀಪದಿಂದ. ಟ್ರಾಲ್ ಎಳೆಯುವಾಗ ಮೇಲೆ ಹಸಿರು, ಕೆಳಗೆ ಬಿಳಿ. ಬೇರೆ ರೀತಿಯ ಬಲೆಯಾದರೆ ಮೇಲೆ ಕೆಂಪು, ಕೆಳಗೆ ಬಿಳಿ. ಎರಡೂ ಸುತ್ತಲೂ ಕಾಣುವಂಥವು. ನಾನು ದಕ್ಕೆಯಲ್ಲಿ ಬೋಟುಗಳ ಮೇಲೆ ಹತ್ತಿ ನೋಡಿದಾಗೆಲ್ಲ ಈ ಎರಡು ದೀಪದಲ್ಲಿ ಒಂದಾದರೂ ಕೆಟ್ಟಿರುತ್ತದೆ. ಅದರ ಬದಲಿಗೆ ಡೆಕ್ ಮೇಲೆ ಕಣ್ಣು ಕೋರೈಸುವ ಎಲ್‌ಇಡಿ ಬಲ್ಬುಗಳ ಸಾಲು. ಅಷ್ಟು ಬೆಳಕಿದ್ದರೆ ಕಾಣುವುದಿಲ್ಲವಾ ಎಂದು ಕೇಳುತ್ತಾರೆ. ಕಾಣುತ್ತದೆ. ಆದರೆ ಆ ಬೆಳಕಿನ ಮುದ್ದೆಯಲ್ಲಿ ಹಸಿರು-ಬಿಳಿ ಮುಳುಗಿಹೋಗುತ್ತದೆ. ಬೋಟ್ ಯಾವ ಕಡೆಗೆ ಮುಖ ಮಾಡಿದೆ, ನಿಂತಿದೆಯಾ ಎಳೆಯುತ್ತಿದೆಯಾ, ಏನೂ ತಿಳಿಯುವುದಿಲ್ಲ. ನಿಮ್ಮ ತಾಂಡೇಲನಿಗೂ ಹೊರಗಿನ ಕತ್ತಲು ಕಾಣುವುದಿಲ್ಲ. ಮೀನು ಬೇರ್ಪಡಿಸುವಾಗ ಬಲ್ಬ್ ಹಾಕಿ, ಉಳಿದ ಹೊತ್ತು ಆರಿಸಿಡಿ. ಜೊತೆಗೆ ಮಾಸ್ಟಿನ ಮೇಲೆ ಒಂದು ರಾಡಾರ್ ರಿಫ್ಲೆಕ್ಟರ್ ಕಟ್ಟಿ. ಲೋಹದ ತಗಡುಗಳ ಸರಳ ವಸ್ತು, ಕರೆಂಟೂ ಬೇಡ.

ಇನ್ನು ಎಐಎಸ್. ನಿಮ್ಮ ತಮ್ಮನ ಲೆಕ್ಕಾಚಾರ ಹುಚ್ಚು ಎಂದು ನಾನು ಹೇಳುವುದಿಲ್ಲ. ಮೀನಿನ ಜಾಗ ಗುಟ್ಟಾಗಿರಬೇಕು ಎನ್ನುವುದು ದುಡಿಮೆಯ ಪ್ರಶ್ನೆ. ಆದ್ದರಿಂದ ಆಯ್ಕೆಗಳನ್ನು ಇದ್ದ ಹಾಗೆ ಇಡುತ್ತೇನೆ.

ಪೂರ್ತಿ ಆಫ್ ಮಾಡಿದರೆ ಗುಟ್ಟು ಉಳಿಯುತ್ತದೆ. ಆದರೆ ಕತ್ತಲಲ್ಲಿ ಹೆಸರಿಲ್ಲದ ಒಂದು ಚುಕ್ಕಿ ಆಗುತ್ತೀರಿ. ಗನ್‌ಬೋಟ್ ಹಾರಿ ಬರುವುದೇ ಅಂಥ ಚುಕ್ಕಿಯ ಕಡೆಗೆ. ಆವತ್ತು ರಾತ್ರಿ ನಿಮ್ಮ ಬೋಟಿನ ಎಐಎಸ್ ಆನ್ ಇತ್ತಾ ಎಂದು ತಮ್ಮನನ್ನೇ ಕೇಳಿ ನೋಡಿ. ಇಪ್ಪತ್ತು ಮೀಟರಿಗಿಂತ ಉದ್ದದ ಬೋಟಾದರೆ ಅದನ್ನು ಇಟ್ಟುಕೊಳ್ಳುವುದು ಕಾನೂನಿನ ಮಾತೂ ಹೌದು.

ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಎರಡನೆಯ ದಾರಿ. 2024ರಿಂದ ದೇಶದ ಒಂದು ಲಕ್ಷ ಬೋಟುಗಳಿಗೆ ಹಾಕುವ ಯೋಜನೆ ನಡೆಯುತ್ತಿದೆ. ಅದು ನಿಮ್ಮ ಜಾಗವನ್ನು ಉಪಗ್ರಹದ ಮೂಲಕ ದಡದ ಕೇಂದ್ರಕ್ಕೆ ಕಳಿಸುತ್ತದೆ, ಪಕ್ಕದ ಬೋಟಿನವರಿಗೆ ತೋರಿಸುವುದಿಲ್ಲ. ಗುಟ್ಟಿನ ದೃಷ್ಟಿಯಿಂದ ಒಳ್ಳೆಯದು. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯಿಂದಲೂ ಸಂದೇಶ ಕಳಿಸಬಹುದು, ಅಪಾಯದ ಬಟನ್ ಇದೆ. ಆದರೆ ಎದುರಿನಿಂದ ಬರುತ್ತಿರುವ ಹಡಗಿನ ಪರದೆಯ ಮೇಲೆ ಅದು ಎಐಎಸ್ ಹಾಗೆ ನೇರವಾಗಿ ಮೂಡುವುದಿಲ್ಲ. ಡಿಕ್ಕಿ ತಪ್ಪಿಸುವ ಸಾಧನ ಅದಲ್ಲ.

ನನ್ನ ಸಲಹೆ: ಎರಡನ್ನೂ ಇಟ್ಟುಕೊಳ್ಳಿ, ಕತ್ತಲಾದ ಮೇಲೆ ಮತ್ತು ಮಂಜು, ಮಳೆ ಇರುವಾಗ ಎಐಎಸ್ ಆರಿಸಲೇಬೇಡಿ. ಜಾಗ ಬಿಟ್ಟುಕೊಟ್ಟಂತೆ ಆಗುತ್ತದೆ, ಒಂದೆರಡು ಬೋಟು ಹಿಂದೆ ಬರಬಹುದು. ಆ ನಷ್ಟ ನಿಜವೇ. ನಾನಾದರೆ ಅದನ್ನು ಒಪ್ಪಿಕೊಳ್ಳುತ್ತೇನೆ. ಇನ್ನೊಂದು ಮಾತು, ಯುದ್ಧನೌಕೆಗಳು ತಮ್ಮ ಎಐಎಸ್ ಪ್ರಸಾರ ಮಾಡಲೇಬೇಕು ಅಂತಿಲ್ಲ. ನಿಮ್ಮ ಪರದೆಯಲ್ಲಿ ಯಾರೂ ಇಲ್ಲ ಎಂದರೆ ಕಡಲಿನಲ್ಲಿ ಯಾರೂ ಇಲ್ಲ ಎಂದು ಅರ್ಥ ಅಲ್ಲ. ಬೋಟ್ ನಡೆಸುವ ಕೋಣೆಯಲ್ಲಿ, ಅಂದರೆ ವೀಲ್‌ಹೌಸಿನಲ್ಲಿ, ಒಬ್ಬ ಎಚ್ಚರ ಇರಲೇಬೇಕು.

ಮತ್ತೆ ಹೀಗೆ ಬಂದರೆ ಏನು ಮಾಡುವುದು? ವೇಗ ಏರಿಸಬೇಡಿ, ದಿಕ್ಕು ಬದಲಿಸಬೇಡಿ. ಹೆದರಿ ಓಡಿದ ಬೋಟು ಅವರ ಕಣ್ಣಿಗೆ ಬೇರೆಯೇ ಆಗಿ ಕಾಣುತ್ತದೆ. ಕರೆಗೂ ಅಪಾಯಕ್ಕೂ ಎಲ್ಲ ಹಡಗುಗಳು ಬಳಸುವ ವೈರ್‌ಲೆಸ್ಸಿನ ವಿಎಚ್‌ಎಫ್ ಚಾನೆಲ್ 16 ಸದಾ ತೆರೆದಿರಲಿ. ಕರೆದಾಗ ಬೋಟಿನ ಹೆಸರು, ನೋಂದಣಿ ಸಂಖ್ಯೆ, ಬಂದರು, ಒಳಗಿರುವ ಜನ ಎಷ್ಟು ಎಂದು ಹೇಳಿ. ಬಲೆ ಹಿಂದೆ ಎಷ್ಟು ದೂರ ಇದೆ ಎಂದು ನೀವಾಗಿಯೇ ಹೇಳಿಬಿಡಿ, ಅವರು ಕೇಳುವವರೆಗೆ ಕಾಯಬೇಡಿ. ಹಿಂದಿ ಹರಕುಮುರುಕಾದರೂ ಪರವಾಗಿಲ್ಲ. ಕಲಾಸಿಗಳು ಡೆಕ್ ಮೇಲೆ ಬೆಳಕಿನಲ್ಲಿ ಕಾಣುವಂತೆ ನಿಲ್ಲಲಿ, ಸರ್ಚ್‌ಲೈಟ್ ಬಿತ್ತೆಂದು ಒಳಗೆ ಓಡುವುದು ಬೇಡ. ಹತ್ತಿ ನೋಡುತ್ತೇವೆ ಎಂದರೆ ಬಲೆ ಮೇಲೆತ್ತಲು ಸಮಯ ಕೇಳಿ. ಎಲ್ಲರ ಬಯೋಮೆಟ್ರಿಕ್ ಕಾರ್ಡ್ ಅಥವಾ ಆಧಾರ್, ಬೋಟಿನ ಕಾಗದಗಳು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ವೀಲ್‌ಹೌಸಿನಲ್ಲೇ ಇರಲಿ.

ಬಲೆಗೆ ಹಾನಿಯಾದರೆ ಆ ಕ್ಷಣವೇ ಜಿಪಿಎಸ್ ಸ್ಥಾನ, ಗಂಟೆ, ಹಡಗಿನ ಪಕ್ಕದ ಅಕ್ಷರ ಮತ್ತು ಅಂಕಿ ಬರೆದುಕೊಳ್ಳಿ, ಫೋಟೋ ಇದ್ದರೆ ಇನ್ನೂ ಒಳ್ಳೆಯದು. ದಡಕ್ಕೆ ಬಂದು ಎರಡು ದಿನ ಬಿಟ್ಟು ನೆನಪಿನಿಂದ ಹೇಳಿದರೆ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ. ದೂರನ್ನು ಮೀನುಗಾರಿಕೆ ಇಲಾಖೆಗೂ ಕರಾವಳಿ ಕಾವಲು ಪೊಲೀಸರಿಗೂ ಬರಹದಲ್ಲಿ ಕೊಡಿ. ಕಡಲಿನಲ್ಲೇ ಅಪಾಯವಾದರೆ ಕೋಸ್ಟ್‌ಗಾರ್ಡ್ 1554, ಕರಾವಳಿ ಪೊಲೀಸರದು 1093. ಫೋನಿನ ವ್ಯಾಪ್ತಿ ದಾಟಿದ ಮೇಲೆ ಇವೆರಡೂ ಕೆಲಸಕ್ಕೆ ಬರುವುದಿಲ್ಲ, ಆಗ ಚಾನೆಲ್ 16 ಮತ್ತು ಟ್ರಾನ್ಸ್‌ಪಾಂಡರಿನ ಅಪಾಯದ ಬಟನ್ ಮಾತ್ರ. ಆ ಬಟನ್ ಎಲ್ಲಿದೆ, ಹೇಗೆ ಒತ್ತಬೇಕು ಎನ್ನುವುದು ತಾಂಡೇಲನೊಬ್ಬನಿಗೇ ಅಲ್ಲ, ಅಡುಗೆ ಮಾಡುವ ಹುಡುಗನಿಗೂ ಗೊತ್ತಿರಲಿ.